ಅರೆಯುವುದು ಬೇರೆ, ರುಬ್ಬುವುದು ಬೇರೆ

ಏಪ್ರಿಲ್ ತಿಂಗಳ ಒಂದು ಸಂಜೆ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಸಿ ಬಂದು, ಮುಖಕ್ಕೆ ನೀರು ಹಾಕಿಕೊಂಡು ಫ್ಯಾನಿನ ಕೆಳಗೆ ಕೂತಿದ್ದೆ. ಬೆಂಗಳೂರಿನಿಂದ ಅಣ್ಣನ ಮಗಳ ಫೋನು ಬಂತು. ಹಿಂದಿನ ವಾರ ಅವಳು ಶಿರಸಿ ಕಡೆಯ ನಮ್ಮ ಊರಿಗೆ ಹೋಗಿದ್ದಾಗ ಅಟ್ಟದ ಮೇಲೆ ದೊಡ್ಡಾಯಿಯ ಅಡುಗೆ ಪುಸ್ತಕ ಸಿಕ್ಕಿತ್ತು. ಅಷ್ಟೂ ಪುಟಗಳ ಫೋಟೊ ತೆಗೆದುಕೊಂಡು ಬಂದಿದ್ದಳು. ಅವಳ ಅನುಮಾನ ಇಷ್ಟೇ: "ಅತ್ತೆ, ಒಂದು ಕಡೆ 'ಅರೆದು' ಅಂತಿದೆ, ಇನ್ನೊಂದು ಕಡೆ 'ರುಬ್ಬಿ' ಅಂತಿದೆ, ಮತ್ತೊಂದು ಕಡೆ 'ಬೀಸಿ'. ಎಲ್ಲ ಮಿಕ್ಸಿಗೆ ಹಾಕೋದೇ ಅಲ್ವಾ?" ದಣಿದಿದ್ದೆ. "ಹೌದು ಪುಟ್ಟಿ, ಈಗ ಎಲ್ಲ ಮಿಕ್ಸಿಯೇ" ಎಂದುಬಿಟ್ಟೆ.

ಆ "ಹೌದು" ರಾತ್ರಿಯಿಡೀ ಕೊರೆಯಿತು. ಇಪ್ಪತ್ತೆರಡು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಎರಡು ಪದಗಳ ಅರ್ಥ ಒಂದೇ ಎಂದು ಮಕ್ಕಳು ಬರೆದರೆ ಒಂದು ಅಂಕ ಕಡಿಮೆ ಕೊಡುವವಳು ನಾನು. ಅದೇ ನಾನು ಮೂರು ಕ್ರಿಯಾಪದಗಳನ್ನು ಒಂದೇ ಜಾರಿಗೆ ತುಂಬಿ ಮುಚ್ಚಳ ಹಾಕಿದ್ದೆ.

ಪ್ರತಿ ಬೇಸಿಗೆ ರಜೆಯಲ್ಲೂ ನಾನು ಅಡುಗೆ ಪುಸ್ತಕಗಳನ್ನು ಓದುತ್ತೇನೆ. ಇದು ಹಳೆಯ ರೂಢಿ. ರಾಯಚೂರಿನ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡಲಾಗುವುದಿಲ್ಲ. ಒಲೆಯ ಮುಂದೆ ನಿಲ್ಲುವುದಂತೂ ಬೇಡವೇ ಬೇಡ. ಹಸಿವೂ ಅಷ್ಟಕ್ಕಷ್ಟೆ, ಮಜ್ಜಿಗೆ ಅನ್ನ, ಒಂದು ಉಪ್ಪಿನಕಾಯಿ ಹೋಳು, ಅಲ್ಲಿಗೆ ಊಟ ಮುಗಿಯಿತು. ಹೊಟ್ಟೆ ಕೇಳದೆ ಇರುವ ಈ ದಿನಗಳಲ್ಲೇ ಅಡುಗೆಯ ಬಗ್ಗೆ ಓದುವ ಆಸೆ ಹುಟ್ಟುತ್ತದೆ. ಮಾಡಬೇಕೆಂಬ ಅವಸರ ಇರುವುದಿಲ್ಲವಾದ್ದರಿಂದ ಒಂದೊಂದು ಸಾಲಿನ ಮೇಲೂ ನಿಲ್ಲಬಹುದು. ಮಾಡಲೆಂದು ಓದುವಾಗ ಕಣ್ಣು ಸಾಮಗ್ರಿ, ಅಳತೆಗಳ ಮೇಲೆ ಓಡುತ್ತದೆ. ಸುಮ್ಮನೆ ಓದುವಾಗ ಕ್ರಿಯಾಪದಗಳು ಕಾಣಿಸುತ್ತವೆ. ಹುರಿ, ಬಾಡಿಸು, ಬಸಿ, ಸೋಸು, ಹಿಂಡು, ನಾದು, ಮಿದಿ, ತಟ್ಟು, ಲಟ್ಟಿಸು, ಹೆಚ್ಚು, ಕೊಚ್ಚು, ತುರಿ, ಕಡೆ, ಮಗುಚು. ನಮ್ಮ ಭಾಷೆಯಲ್ಲಿ ಕೈಗಳು ಮಾಡುವ ಇಷ್ಟೊಂದು ಕೆಲಸಗಳ ಹೆಸರು ಒಂದೇ ಕಡೆ ಸಿಗುವ ಪುಸ್ತಕ ಬೇರೊಂದಿಲ್ಲ.

ದೊಡ್ಡಾಯಿಯ ಲೆಕ್ಕದ ಪುಸ್ತಕ

ಅದನ್ನು ಅಡುಗೆ ಪುಸ್ತಕ ಎಂದೆನಲ್ಲ, ನಿಜಕ್ಕೂ ಅದು ದೊಡ್ಡಪ್ಪ ಅಡಿಕೆ ವ್ಯಾಪಾರದ ಲೆಕ್ಕ ಬರೆದಿಡುತ್ತಿದ್ದ ಉದ್ದನೆಯ ಪುಸ್ತಕ. ಅವರು ಎಡಗಡೆಯ ಪುಟದಲ್ಲಿ ಮಾತ್ರ ಬರೆಯುತ್ತಿದ್ದರು. ಖಾಲಿ ಬಿಟ್ಟ ಬಲಗಡೆಯ ಪುಟಗಳು ದೊಡ್ಡಾಯಿಯ ಪಾಲಿಗೆ ಬಂದವು. ಹೀಗಾಗಿ ಎಡಕ್ಕೆ ಚಾಲಿ ಇಷ್ಟು, ರಾಶಿ ಇಷ್ಟು, ಬೆಟ್ಟೆ ಇಷ್ಟು ಎಂದು ಕ್ವಿಂಟಲು, ಕಿಲೋಗಳ ಚೊಕ್ಕ ಲೆಕ್ಕ. ಬಲಕ್ಕೆ "ಅಡಿಕೆ ಗಾತ್ರದ ಬೆಲ್ಲ, ಕಡಲೆಕಾಳಿನಷ್ಟು ಇಂಗು, ಉಪ್ಪು ಹಿಡಿಸಿದಷ್ಟು." ಒಂದೇ ಮನೆ, ಒಂದೇ ಪುಸ್ತಕ, ಒಂದೇ ಅಡಿಕೆ. ಎಡಪುಟದಲ್ಲಿ ಅದನ್ನು ತೂಗುತ್ತಾರೆ, ಬಲಪುಟದಲ್ಲಿ ಅದರಿಂದಲೇ ಬೆಲ್ಲವನ್ನು ಅಳೆಯುತ್ತಾರೆ. ಅಡಿಕೆ ತೋಟದ ನಡುವೆ ಹುಟ್ಟಿ ಬೆಳೆದವರಿಗೆ ಆ ಗಾತ್ರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಸಲ ಫೋಟೊಗಳನ್ನು ಒಂದೊಂದಾಗಿ ನೋಡುವಾಗ ಇನ್ನೊಂದು ಸಂಗತಿ ಕಂಡಿತು. ಅಷ್ಟು ಪುಟಗಳಲ್ಲಿ ಎಲ್ಲೂ ತಂಬುಳಿ ಇಲ್ಲ. ಅಪ್ಪೆಹುಳಿ ಇಲ್ಲ. ದಿನವೂ ಮಾಡುತ್ತಿದ್ದ ಸಾರು, ಹುಳಿ ಯಾವುದೂ ಇಲ್ಲ. ಇರುವುದು ವಾರಪತ್ರಿಕೆಗಳಿಂದ ನಕಲು ಮಾಡಿಕೊಂಡ ಟೊಮೆಟೊ ಸೂಪು, ಮರಳಿನ ಮೇಲೆ ಬೇಯಿಸುವ ಕೇಕು, ಯಾರದೋ ಮದುವೆಮನೆಯಲ್ಲಿ ಕೇಳಿಕೊಂಡು ಬಂದ ಸಿಹಿ. ಇಲ್ಲವೇ ವರ್ಷಕ್ಕೊಮ್ಮೆ ಮಾಡುವ ಹಪ್ಪಳ, ಸಂಡಿಗೆ. ಮರೆತುಹೋಗಬಹುದು ಎನಿಸಿದ್ದನ್ನಷ್ಟೇ ಆಕೆ ಬರೆದಿಟ್ಟಿದ್ದಾರೆ. ಕೈಗೆ ಗೊತ್ತಿದ್ದದ್ದನ್ನು ಕಾಗದಕ್ಕೆ ಕೊಡುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಈಗ ನಮ್ಮ ಮನೆಯ ಅಡುಗೆ ಎಂದು ನಾವು ನೆನೆಯುವುದೆಲ್ಲ ಆ ಬರೆಯದೆ ಬಿಟ್ಟ ಭಾಗದಲ್ಲೇ ಇದೆ.

ತಂಬುಳಿ ಎಂಬ ಪದವನ್ನೇ ನೋಡಿ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಒಂದಿಷ್ಟು ಬಾಡಿಸಿ, ಕಾಯಿ ಜೀರಿಗೆಯ ಜೊತೆ ಅರೆದು, ಮಜ್ಜಿಗೆಗೆ ಬೆರೆಸಿದರೆ ಆಯಿತು. ಕುದಿಸುವುದಿಲ್ಲ. ತಣ್ಣನೆಯ ಹುಳಿ, ತಣ್ ಮತ್ತು ಪುಳಿ ಸೇರಿ ತಂಬುಳಿ. ಆದೇಶಸಂಧಿಗೆ ನಾವು ತರಗತಿಯಲ್ಲಿ ಕೊಡುವ ಉದಾಹರಣೆ ಕಣ್ ಪನಿ ಕಂಬನಿ. ತಂಬುಳಿಯೂ ಹಾಗೆಯೇ. "ಪುಳಿ" ಹೋಗಿ "ಹುಳಿ" ಬಂದು ಎಷ್ಟೋ ಶತಮಾನಗಳಾದವು, ಆದರೆ ಆ ಹಳೆಯ ಪಕಾರದ ಸುಳಿವು ಬಕಾರದ ರೂಪದಲ್ಲಿ ನಮ್ಮೂರ ಬಟ್ಟಲುಗಳಲ್ಲಿ ಇನ್ನೂ ಉಳಿದಿದೆ. ಮುಂದಿನ ವರ್ಷದಿಂದ ಪಾಠದಲ್ಲಿ ಕಂಬನಿಯ ಪಕ್ಕ ತಂಬುಳಿಯನ್ನೂ ಬರೆಯಬೇಕೆಂದುಕೊಂಡಿದ್ದೇನೆ.

ಬಿಸಿ ಇದ್ದಾಗಲೇ

ಹಲಸಿನ ಹಪ್ಪಳದ ಪುಟದಲ್ಲಿ ದೊಡ್ಡಾಯಿ ಬರೆದಿರುವುದು ನಾಲ್ಕೇ ಸಾಲು. ಬೆಳೆದ ಕಾಯಿ, ಹಣ್ಣಾಗಿರಬಾರದು. ತೊಳೆ ಬಿಡಿಸಿ ಹಬೆಯಲ್ಲಿ ಬೇಯಿಸಬೇಕು. ಮೆಣಸು, ಉಪ್ಪು, ಜೀರಿಗೆ ಹಾಕಿ ಕುಟ್ಟಬೇಕು. ಕೊನೆಯಲ್ಲಿ ಅಡಿಗೆರೆ ಹಾಕಿದ ಒಂದು ಸಾಲು: "ಬಿಸಿ ಇದ್ದಾಗಲೇ."

ಆ ಅಡಿಗೆರೆ ನೋಡಿದಾಗ ನನಗೆ ಅವರ ದನಿಯೇ ಕೇಳಿಸಿತು. ನನಗಾಗ ಹತ್ತೋ ಹನ್ನೊಂದೋ ವರ್ಷ. ಮೇ ತಿಂಗಳು. ಹೊತ್ತು ಹುಟ್ಟುವ ಮೊದಲೇ ಅಂಗಳದಲ್ಲಿ ಚಾಪೆಗಳನ್ನು ಹಾಸಿಯಾಗಿತ್ತು. ಹಿಂದಿನ ದಿನ ಸಂಜೆಯೇ ಕಾಯಿಗಳನ್ನು ಕೊಯ್ದು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮೇಣ ತೆಗೆದು, ತೊಳೆ ಬಿಡಿಸಿಟ್ಟಿದ್ದರು. ಒಲೆಯ ಮೇಲಿನ ಹಂಡೆಯ ಮುಚ್ಚಳ ತೆಗೆದಾಗ ಏಳುವ ಹಬೆಗೆ ಒಂದು ವಾಸನೆ ಇರುತ್ತಿತ್ತು, ಹಣ್ಣಿನದೂ ಅಲ್ಲ, ತರಕಾರಿಯದೂ ಅಲ್ಲ. ದೊಡ್ಡಾಯಿ ಬೆಂದ ತೊಳೆಗಳನ್ನು ಒರಳಿಗೆ ಸುರಿಯುತ್ತಿದ್ದರು, ಆಯಿ ಮತ್ತು ಪಕ್ಕದ ಮನೆಯ ಅತ್ತೆ ಎದುರುಬದುರಾಗಿ ನಿಂತು ಒನಕೆ ಹಾಕುತ್ತಿದ್ದರು. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಬೀಳಬೇಕು, ನಡುವೆ ದೊಡ್ಡಾಯಿಯ ಕೈ ಒರಳೊಳಗೆ ಹೋಗಿ ಹಿಟ್ಟನ್ನು ಮಗುಚಿ ಹೊರಗೆ ಬರಬೇಕು. ಆ ಕೈಯನ್ನೇ ನೋಡುತ್ತ ನಾನು ಉಸಿರು ಹಿಡಿದು ನಿಂತಿರುತ್ತಿದ್ದೆ. ನೀರು ಕುಡಿಯಲೆಂದು ಆಯಿ ಒನಕೆ ನಿಲ್ಲಿಸಿದರೆ ಸಾಕು, "ಬಿಸಿ ಇದ್ದಾಗ್ಲೇ ಕುಟ್ಟವು, ಆರಿದ್ಮೇಲೆ ಎಂತ ಮಾಡಿದ್ರೂ ಆಗ್ತಿಲ್ಲೆ" ಎಂದು ದೊಡ್ಡಾಯಿ ಅವಸರಿಸುತ್ತಿದ್ದರು. ಆರಿದ ತೊಳೆ ಒನಕೆಗೆ ಒಡೆಯುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಬಿಸಿಯಲ್ಲಿ ಕುಟ್ಟಿದ ಹಿಟ್ಟು ಮಾತ್ರ ಎಳೆದರೆ ಹಿಗ್ಗುವಂತೆ ಒಂದಾಗುತ್ತದೆ, ಅಂಥದ್ದನ್ನು ಒತ್ತಿದರೆ ಹಪ್ಪಳದ ಅಂಚು ಬಿರಿಯುವುದಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಮಗೆ, ಮಕ್ಕಳಿಗೆ, ಗೊತ್ತಿದ್ದದ್ದು ಒಂದೇ: ಕುಟ್ಟಿ ಮುಗಿದ ಕೂಡಲೇ ಬಿಸಿ ಹಿಟ್ಟಿನ ಒಂದೊಂದು ಉಂಡೆ, ನಡುವೆ ಹೆಬ್ಬೆರಳು ಒತ್ತಿ ಮಾಡಿದ ಗುಳಿಯಲ್ಲಿ ಕೊಬ್ಬರಿ ಎಣ್ಣೆ.

ಮರುದಿನ ಅಣ್ಣನ ಮಗಳಿಗೆ ನಾನೇ ಫೋನ್ ಮಾಡಿದೆ. ನಿನ್ನೆ ಹೇಳಿದ್ದು ತಪ್ಪು ಎಂದೆ. ಬೀಸುವುದು ಒಣಗಿದ್ದನ್ನು, ಎರಡು ಕಲ್ಲಿನ ನಡುವೆ ಕಾಳು ಹಿಟ್ಟಾಗಿ ಸುತ್ತಲೂ ಉದುರುತ್ತದೆ. ರುಬ್ಬುವುದು ನೆನೆಸಿದ್ದನ್ನು, ಒರಳಲ್ಲಿ ಗುಂಡು ತಿರುಗುತ್ತದೆ, ಒಂದು ಕೈ ತಿರುಗಿಸುತ್ತಿದ್ದರೆ ಇನ್ನೊಂದು ಕೈ ಹಿಟ್ಟನ್ನು ಗುಳಿಗೆ ದೂಡುತ್ತಿರುತ್ತದೆ. ಅರೆಯುವುದರಲ್ಲಿ ಒತ್ತಿ ಉಜ್ಜುವ ಕೆಲಸ ಇದೆ, ನುಣುಪು ಅದರ ಗುರಿ. ಕುಟ್ಟುವುದು ಮೇಲಿನಿಂದ ಬೀಳುವ ಏಟು. ಜಜ್ಜುವುದೂ ಏಟೇ, ಆದರೆ ಒಂದೋ ಎರಡೋ, ಶುಂಠಿಯ ನಾರು ಬಿಟ್ಟುಕೊಂಡು ರಸ ಹೊರಟರೆ ಸಾಕು, ಆಮೇಲೆ ನಿಲ್ಲಿಸಬೇಕು. ತೇಯುವುದಕ್ಕೆ ನೀರಿನ ಎರಡು ಹನಿ, ಸಾಣೆಕಲ್ಲು ಮತ್ತು ತಾಳ್ಮೆ ಬೇಕು. ಇಷ್ಟು ಹೇಳುವಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು. ಅವಳು ಎಲ್ಲ ಕೇಳಿ, "ಹಾಗಾದ್ರೆ ಮಿಕ್ಸಿ ಮಾಡೋ ಕೆಲಸಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದಳು. ನಾನು ಎಷ್ಟು ಯೋಚಿಸಿದರೂ ಸಿಗಲಿಲ್ಲ. ಹಾಕುತ್ತೇವೆ, ತಿರುಗಿಸುತ್ತೇವೆ, ಹೊಡೆಯುತ್ತೇವೆ. ಅದಕ್ಕೆಂದೇ ಹುಟ್ಟಿದ ಕ್ರಿಯಾಪದ ಒಂದೂ ಇಲ್ಲ. ಬೀಸುವುದಕ್ಕೆ ಬೀಸುವ ಪದಗಳಿದ್ದವು, ಕುಟ್ಟುವುದಕ್ಕೆ ಕುಟ್ಟುವ ಪದಗಳಿದ್ದವು. ನಮ್ಮ ಜನಪದ ಸಾಹಿತ್ಯದ ಒಂದು ದೊಡ್ಡ ಪಾಲು ಹುಟ್ಟಿದ್ದೇ ಆ ಕಲ್ಲುಗಳ ಮುಂದೆ, ಹೆಂಗಸರ ಬಾಯಲ್ಲಿ. ಗಂಟೆಗಟ್ಟಲೆ ಒಂದೇ ಲಯದಲ್ಲಿ ಕೈ ಆಡುವಾಗ ಹಾಡು ತಾನಾಗಿ ಬರುತ್ತದೆ. ಹಾಗೆಂದು ಆ ದುಡಿಮೆ ಮತ್ತೆ ಬರಲಿ ಎಂದು ನಾನು ಖಂಡಿತ ಹೇಳುವುದಿಲ್ಲ. ದೊಡ್ಡಾಯಿಯ ಬಲಭುಜ ಕೊನೆಯ ವರ್ಷಗಳಲ್ಲಿ ಮೇಲೆತ್ತಲೂ ಬರುತ್ತಿರಲಿಲ್ಲ. ಕಲ್ಲು ಹೋಗಲಿ, ಪದ ಉಳಿಯಲಿ ಎನ್ನುವಷ್ಟೇ ಆಸೆ.

ಷಟ್ಪದಿಯಲ್ಲಿ ಬದನೆಕಾಯಿ

ಈ ರಜೆಯಲ್ಲಿ ಹೆಚ್ಚು ದಿನ ಹಿಡಿದದ್ದು ಮೂರನೆಯ ಮಂಗರಸನ ಸೂಪಶಾಸ್ತ್ರ. 1508ರ ಸುಮಾರಿನ ಕೃತಿ. ಮಂಗರಸ ಚಂಗಾಳ್ವರ ಅಧೀನದಲ್ಲಿ ಕಲ್ಲಹಳ್ಳಿಯನ್ನು ಆಳುತ್ತಿದ್ದವನು, ಜೈನ ಕವಿ, ನೇಮಿಜಿನೇಶ ಸಂಗತಿ ಬರೆದವನು. ಅಂಥವನು ಕೂತು ಹೋಳಿಗೆ, ಪಾನಕ, ಪಾಯಸಗಳ ಬಗ್ಗೆ ಪದ್ಯ ಬರೆದಿದ್ದಾನೆ, ಬದನೆಕಾಯಿ ಒಂದರಿಂದಲೇ ಬಗೆಬಗೆಯ ಅಡುಗೆ ಹೇಳಿದ್ದಾನೆ. ಅದೂ ವಾರ್ಧಕ ಷಟ್ಪದಿಯಲ್ಲಿ. ಲಕ್ಷ್ಮೀಶ ಜೈಮಿನಿ ಭಾರತಕ್ಕೆ ಬಳಸಿದ ಅದೇ ಛಂದಸ್ಸು. ಚಂದ್ರಹಾಸನ ಕಥೆ ನಡೆಯುವ ಅದೇ ನಡಿಗೆಯಲ್ಲಿ ಇಲ್ಲಿ ಕಾಯಿ ಸೀಳಿ, ಮಸಾಲೆ ತುಂಬಿ, ತುಪ್ಪದಲ್ಲಿ ಹುರಿಯುವ ಕೆಲಸ ನಡೆಯುತ್ತದೆ. ಮೊದಲ ಎರಡು ದಿನ ನಿಘಂಟು ಪಕ್ಕದಲ್ಲಿಟ್ಟುಕೊಂಡು ಕಷ್ಟಪಟ್ಟೆ. ಮೂರನೆಯ ದಿನ ನಿಘಂಟು ಬದಿಗಿಟ್ಟು ಜೋರಾಗಿ ಓದಿದೆ. ಆಗ ಬಿಗಿ ಸಡಿಲವಾಯಿತು. ಇದು ಕಣ್ಣಿಗಾಗಿ ಬರೆದದ್ದಲ್ಲ, ಕಿವಿಗಾಗಿ ಬರೆದದ್ದು. ಬಾಯಿಪಾಠ ಆದರೆ ಅಡುಗೆಮನೆಗೆ ಓಲೆಗರಿ ಒಯ್ಯಬೇಕಾಗಿಲ್ಲ.

ಓದುತ್ತ ಹೋದಂತೆ ಏನಿಲ್ಲ ಎಂಬುದೂ ಅರಿವಾಗುತ್ತದೆ. ಖಾರಕ್ಕೆ ಕರಿಮೆಣಸು ಮಾತ್ರ. ಈಗ ನಾವು ಮೆಣಸಿನಕಾಯಿ ಎನ್ನುವುದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರೊಂದಿಗೆ ಬಂದದ್ದು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಆಗಿನ್ನೂ ಹತ್ತು ವರ್ಷ, ಗೋವೆ ಅವರ ಕೈಸೇರಿದ್ದು 1510ರಲ್ಲಿ. ಆಲೂಗಡ್ಡೆ, ಟೊಮೆಟೊ ಕೂಡ ಇಲ್ಲ. ಬ್ಯಾಡಗಿ ಮೆಣಸಿನ ಕೆಂಪು ಇಲ್ಲದ ಕರ್ನಾಟಕದ ಊಟವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೆ ಕ್ರಿಯಾಪದಗಳನ್ನು ನೋಡಿ: ಅರೆ, ಹಿಂಡು, ಬೆರಸು, ಅಡು. ಸಾಮಗ್ರಿಗಳು ಬದಲಾದವು, ಕೈಗಳ ಕೆಲಸ ಬದಲಾಗಲಿಲ್ಲ. "ಅಡು" ಮಾತ್ರ ಈಗ ಒಂಟಿಯಾಗಿ ಬಳಕೆಯಲ್ಲಿಲ್ಲ. "ಅಡುಗೆ"ಯೊಳಗೆ ಉಳಿದುಕೊಂಡಿದೆ, ಗಾದೆಯೊಳಗೆ ಉಳಿದುಕೊಂಡಿದೆ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂದಾಗ ಮಕ್ಕಳು ಮನೆಯ ಅಟ್ಟಕ್ಕೆ ಬೆಂಕಿ ಬಿತ್ತು ಎಂದುಕೊಳ್ಳುತ್ತಾರೆ. ಅಟ್ಟ ಎಂದರೆ ಬೇಯಿಸಿಯಾದ ಮೇಲೆ ಎಂದು ಬಿಡಿಸಿ ಹೇಳಿದಾಗ ಅವರ ಮುಖ ಅರಳುವುದನ್ನು ನೋಡುವುದೇ ಒಂದು ಸಂತೋಷ.

ಮಂಗರಸನಿಗಿಂತ ಸುಮಾರು ಐದುನೂರು ವರ್ಷ ಹಿಂದೆ, 1025ರ ಹೊತ್ತಿಗೆ, ಇಮ್ಮಡಿ ಚಾವುಂಡರಾಯ ಲೋಕೋಪಕಾರದಲ್ಲಿ ಇಡ್ಡಲಿಗೆಯ ವಿಧಾನ ಹೇಳಿದ್ದಾನೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸಬೇಕು. ಅಕ್ಕಿಯ ಸುದ್ದಿಯೇ ಇಲ್ಲ. ಅದಕ್ಕೂ ಹಿಂದೆ, ಸುಮಾರು 920ರ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಈ ಸರಪಳಿಯನ್ನು ನನಗೆ ಮೊದಲು ತೋರಿಸಿಕೊಟ್ಟವರು ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ.ಟಿ. ಅಚಯ. ಎಣ್ಣೆಗಳ ರಸಾಯನಶಾಸ್ತ್ರ ಓದಿದ ವಿಜ್ಞಾನಿ. 1994ರಲ್ಲಿ ಬಂದ ಭಾರತದ ಆಹಾರ ಇತಿಹಾಸದ ಅವರ ದಪ್ಪ ಪುಸ್ತಕವನ್ನು ನಾನು ಮೂರು ಬೇಸಿಗೆ ಓದಿದ್ದೇನೆ, ಯಾವ ಪುಟದಿಂದ ಬೇಕಾದರೂ ಶುರುಮಾಡಿ. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಅನ್ನಭೋಗವನ್ನು ನಾನು ಓದಿದ್ದು ಅದಾದ ಮೇಲೆಯೇ. ಅದು ಸಂಸ್ಕೃತದ್ದು, ಅರಮನೆಯದು, ಅಲ್ಲಿ ಮಾಂಸದ ಅಡುಗೆಗಳೂ ಧಾರಾಳ. ಓದಲು ವೈಭವವೇ, ಆದರೆ ಮಂಗರಸನಲ್ಲಿ ಸಿಗುವ ಆಪ್ತತೆ ನನಗೆ ಅಲ್ಲಿ ಸಿಗಲಿಲ್ಲ. ನನ್ನ ಅಜ್ಜಿಯ ಬಾಯಿಯ ಮಾತು ರಾಜನ ಪುಸ್ತಕದಲ್ಲಿ ಸಿಕ್ಕಾಗ ಆಗುವ ಪುಳಕ ಸ್ವಂತ ಭಾಷೆಯಲ್ಲಿ ಮಾತ್ರ ಸಾಧ್ಯ.

ಮಾಳಿಗೆಯ ಮೇಲೆ

ನಾನಿರುವುದು ಬಾಡಿಗೆ ಮನೆಯಲ್ಲಿ. ಕೆಳಗೆ ಮಾಲೀಕರ ತಾಯಿ ಇದ್ದಾರೆ, ಎಪ್ಪತ್ತೈದು ದಾಟಿದವರು, ನಾನು ಅವ್ವ ಎನ್ನುತ್ತೇನೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೇಸಿಗೆಯಲ್ಲಿ ರಾತ್ರಿ ಎಂಟರ ಮೇಲೆ ಇಬ್ಬರೂ ಮಾಳಿಗೆಗೆ ಹೋಗಿ, ಒಂದೆರಡು ಕೊಡ ನೀರು ಹೊಯ್ದು, ನೆಲ ತಣಿದ ಮೇಲೆ ಚಾಪೆ ಹಾಸಿಕೊಳ್ಳುತ್ತೇವೆ. ಒಂದು ರಾತ್ರಿ ಅಪ್ಪೆಹುಳಿ ಬರೆಯುತ್ತಿದ್ದೆ. ದೊಡ್ಡಾಯಿ ಬರೆಯದೆ ಬಿಟ್ಟದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅಣ್ಣನ ಮಗಳಿಗೆ ಕೊಡಬೇಕೆಂದು ಶುರುಮಾಡಿದ್ದೆ. "ಏನ್ ಬರಿಯಾಕ ಹತ್ತೀರಿ ಅಕ್ಕೋರೆ, ಓದ್ರಿ ನೋಡೂಣು" ಎಂದರು ಅವ್ವ.

ಓದಿದೆ. ಮಾವಿನ ಮಿಡಿ ಬೇಯಿಸಬೇಕು. ಆರಿದ ಮೇಲೆ ನೀರಿನಲ್ಲಿ ಚೆನ್ನಾಗಿ ಕಿವುಚಬೇಕು. ಗೊರಟು, ಸಿಪ್ಪೆ ತೆಗೆದು, ಕುಡಿಯುವಷ್ಟು ತೆಳ್ಳಗೆ ನೀರು ಬೆರೆಸಿ ಉಪ್ಪು ಹಾಕಬೇಕು. ಹಸಿಮೆಣಸು ಸೀಳಿ ಹಾಕಬೇಕು. ಅಲ್ಲಿಗೆ ನಿಲ್ಲಿಸಿದೆ, ಅಷ್ಟೇ ಬರೆದಾಗಿತ್ತು. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದವರು ಎದ್ದು ಕೂತರು. "ಮುಂದ? ಒಗ್ಗರಣಿ ಹಾಕಲಿಲ್ಲೇನ್ರಿ?" ಕಥೆಯ ನಡುವೆ ನಿಲ್ಲಿಸಿದರೆ ಮಕ್ಕಳು ಕೇಳುವ ಹಾಗೆಯೇ ಕೇಳಿದರು. ಕೊಬ್ಬರಿ ಎಣ್ಣೆ, ಸಾಸಿವೆ, ಇಂಗು ಎಂದೆ. ಕೊಬ್ಬರಿ ಎಣ್ಣೆ ಎಂದಾಗ ಸ್ವಲ್ಪ ಮುಖ ಕಿವುಚಿದರು (ಈ ಕ್ರಿಯಾಪದ ಮುಖಕ್ಕೂ ಎಷ್ಟು ಚೆನ್ನಾಗಿ ಒಪ್ಪುತ್ತದೆ). ಆದರೆ ಸಾಸಿವೆ ಸಿಡಿದಾಗ ಸಮಾಧಾನವಾಯಿತು.

ಆಮೇಲೆ ಅವರ ಸರದಿ. ಜೋಳದ ನುಚ್ಚಿನ ಬಗ್ಗೆ ಹೇಳತೊಡಗಿದರು. ನಾನು ಬರೆದುಕೊಳ್ಳುತ್ತ "ಜೋಳವನ್ನು ತರಿಯಾಗಿ ಬೀಸಿ" ಎಂದು ಗಟ್ಟಿಯಾಗಿ ಹೇಳಿದೆ. "ಬೀಸೂದಲ್ರಿ, ಒಡಿಯೂದು" ಎಂದರು. ಕಲ್ಲು ಅದೇ, ಗೂಟ ಅದೇ, ಕೂರುವುದೂ ಹಾಗೆಯೇ. ಆದರೆ ನುಚ್ಚಿಗೆ, ಬೇಳೆಗೆ ಕೈ ಹಗುರಾಗಿರಬೇಕು, ಹೆಚ್ಚು ಕಾಳು ಹಾಕುತ್ತ ಬೇಗ ಬೇಗ ತಿರುಗಿಸಬೇಕು. ಅದು ಒಡೆಯುವುದು. ನಿಧಾನಕ್ಕೆ, ಹಿಡಿಹಿಡಿಯಾಗಿ ಹಾಕಿ ಭಾರ ಬಿಟ್ಟರೆ ಬೀಸುವುದು. ಆಮೇಲೆ ಮೊರದಲ್ಲಿ ಕೇರುವುದು, ಜರಡಿ ಹಿಡಿಯುವುದು, ಎರಡೂ ಬೇರೆ ಬೇರೆ ಎಂದು ಗಾಳಿಯಲ್ಲಿ ಕೈ ಆಡಿಸಿ ತೋರಿಸಿದರು. ನಮ್ಮ ಕಡೆ ರೊಟ್ಟಿ ತಟ್ಟುತ್ತೇವೆ, ಇವರು ಬಡಿಯುತ್ತಾರೆ. ಈ ಊರಿಗೆ ಬಂದ ಹೊಸದರಲ್ಲಿ ಆ ಪದ ನನಗೆ ಒರಟಾಗಿ ಕೇಳಿತ್ತು. ಸಂಜೆ ಹೊತ್ತು ಬೀದಿಯಲ್ಲಿ ನಡೆಯುವಾಗ ಮನೆಮನೆಯಿಂದ ಬರುವ ಆ ಸದ್ದನ್ನು ಕೇಳಿದ ಮೇಲೆ ಅದಕ್ಕೆ ಬೇರೆ ಹೆಸರು ಇರಲಾರದು ಅನ್ನಿಸಿದೆ.

ನಿನ್ನೆ ರಾತ್ರಿ ಅಂಬಲಿ ಬರೆದುಕೊಂಡೆ. ಬರೆದದ್ದನ್ನು ಓದಿ ತೋರಿಸಬೇಕು ಎಂಬುದು ಈಗ ನಮ್ಮಿಬ್ಬರ ನಡುವಿನ ಕರಾರು. "ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಾಗದಂತೆ ಕಲಸಿ" ಎಂದು ಓದುತ್ತಿದ್ದಂತೆ ಅವ್ವ ಕೈ ಎತ್ತಿದರು. "ಕಲಸೂದು ಅನ್ನಕ್ಕರಿ, ರೊಟ್ಟಿ ಹಿಟ್ಟಿಗರಿ. ಇದು ಕದಡೂದು." ಟಾರ್ಚಿನ ಬೆಳಕಿನಲ್ಲಿ "ಕಲಸಿ"ಯನ್ನು ಹೊಡೆದುಹಾಕಿ ಮೇಲೆ "ಕದಡಿ" ಎಂದು ಬರೆದೆ. ಅವ್ವ ಮತ್ತೆ ಒರಗಿಕೊಂಡು ಕಣ್ಣು ಮುಚ್ಚಿದರು. "ಹೂಂ, ಎಸರು ಕುದ್ದೈತಿ. ಮುಂದ ಓದ್ರಿ."